ಅರ್ಜಿಯಲ್ಲಿ ‘ಅಂದಾಜು ಎಷ್ಟು ಜನ’ ಅಂತ ಕೇಳ್ತಾರಲ್ಲ, ನೀವೆಲ್ಲ ಏನು ಬರೀತೀರಿ?

ದೊಡ್ಡಗದ್ದೆ ಹುಡುಗ | ಡಿಸೆಂಬರ್ 6

ಎಲ್ಲರಿಗೂ ನಮಸ್ಕಾರ. ನಮ್ಮದು ತುಂಗೆಯ ಕಡೆಯ ಒಂದು ಸಣ್ಣ ಊರು. ಹೆಸರು ಬೇಡ ಬಿಡಿ, ನಾಳೆ ಮತ್ತೆ ಅದೇ ಕಚೇರಿಗಳಿಗೆ ಹೋಗಬೇಕು.

ಜನವರಿ ಕೊನೆಗೆ ಎರಡು ದಿನದ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ಶನಿವಾರ ಹೊನಲು ಬೆಳಕಿನ ಕಬಡ್ಡಿ. ಭಾನುವಾರ ಒಂದು ಮನೆಯವರ ಹರಕೆ ಬಯಲಾಟ (ಯಕ್ಷಗಾನ), ಜೊತೆಗೆ ಊರಿನ ಲೆಕ್ಕದಲ್ಲಿ ಅನ್ನಸಂತರ್ಪಣೆ. ಯುವಕ ಸಂಘಕ್ಕೆ ಈ ಸಲ ನಾನು ಕಾರ್ಯದರ್ಶಿ. ಯಾರಿಗೂ ಬೇಡವಾದ ಕೆಲಸ ಕೊನೆಗೆ ಸಭೆಗೆ ತಡವಾಗಿ ಬಂದವನ ತಲೆಗೆ ಬೀಳುತ್ತದೆ, ಗೊತ್ತಲ್ಲ.

ಅಡಿಕೆ ಕೊನೆ ಕೊಯ್ಲು ಬಿಟ್ಟು ಮೂರು ದಿನ ತಿರುಗಿದೆ. ಠಾಣೆಯಲ್ಲಿ ‘ಮೊದಲು ಜಾಗದ ಒಪ್ಪಿಗೆ ತನ್ನಿ’ ಅಂದರು. ಪಂಚಾಯ್ತಿಯಲ್ಲಿ ‘ಅದು ಗೋಮಾಳ, ನಮ್ಮ ಕೈಲಿಲ್ಲ, ತಾಲ್ಲೂಕು ಕಚೇರಿಗೆ ಹೋಗಿ’ ಅಂದರು. ಅಲ್ಲಿ ಹೋದರೆ ‘ಪೊಲೀಸ್ ಅಭಿಪ್ರಾಯ ಇದೆಯಾ?’ ಅಂದರು. ಮೂರು ಕಚೇರಿ, ಒಂದೇ ಮಾತು: ಮೊದಲು ಅವರದ್ದು ತನ್ನಿ.

ಇನ್ನೊಂದು ತಮಾಷೆ ಕೇಳಿ. ಅರ್ಜಿಯಲ್ಲಿ ‘ಭಾಗವಹಿಸುವ ಅಂದಾಜು ಜನ’ ಅಂತ ಒಂದು ಕಾಲಂ ಇದೆ. ಹಳೇ ಕಾರ್ಯದರ್ಶಿ ಪ್ರತಿ ವರ್ಷ 500 ಅಂತ ಬರೆಯುತ್ತಿದ್ದರು. ನಾನೂ 500 ಬರೆದೆ. ಠಾಣೆಯಲ್ಲಿದ್ದವರು ನಮ್ಮ ಕರಪತ್ರ ತಿರುಗಿಸಿ ನೋಡಿ, ದಾನಿಗಳ ಪಟ್ಟಿಯ ಮೇಲೆ ಬೆರಳಿಟ್ಟು ಕೇಳಿದರು, ‘ಏನಪ್ಪಾ, 500 ಜನಕ್ಕೆ 3 ಕ್ವಿಂಟಾಲ್ ಅಕ್ಕಿ ಬೇಯಿಸ್ತೀರಾ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ. ಯಾವುದು ಮೊದಲು, ಯಾವುದು ಆಮೇಲೆ? ಆಟಕ್ಕೆ ಬೆಳಗಿನವರೆಗೆ ಮೈಕ್ ಸಿಗುತ್ತಾ? ಆ ಕಾಲಂನಲ್ಲಿ ಏನು ಬರೆಯಬೇಕು?


ಪಂಚಾಯ್ತಿ ಕಟ್ಟೆ | ಡಿಸೆಂಬರ್ 6

ತಮ್ಮಾ, ನಾನು ಒಂದು ಅವಧಿಗೆ ಪಂಚಾಯ್ತಿ ಸದಸ್ಯನಾಗಿದ್ದವನು. ಸುಮ್ನೆ ಸುತ್ತಬೇಡ, ಮೊದಲು ಜಾಗದ ಪಹಣಿ (ಜಮೀನಿನ ಹಕ್ಕಿನ ದಾಖಲೆ) ತೆಗೆಸು. 9ನೇ ಕಾಲಂನಲ್ಲಿ ಯಾರ ಹೆಸರಿದೆ ನೋಡು, 11ನೇ ಕಾಲಂನಲ್ಲಿ ಏನಾದರೂ ಹಕ್ಕು, ಋಣ ಬರೆದಿದೆಯಾ ನೋಡು. ನಮ್ಮ ಕಡೆ ಎಲ್ಲರೂ ‘ಊರ ಬಯಲು’ ಅನ್ನುತ್ತೇವೆ. ಕಾಗದದಲ್ಲಿ ಊರ ಬಯಲು ಅನ್ನುವ ಜಾಗವೇ ಇಲ್ಲ. ಗೋಮಾಳ ಇರುತ್ತದೆ, ಶಾಲೆ ಜಾಗ ಇರುತ್ತದೆ, ದೇವಸ್ಥಾನದ್ದು ಇರುತ್ತದೆ, ಅರಣ್ಯ ಇರುತ್ತದೆ, ಇಲ್ಲಾಂದ್ರೆ ಯಾರದ್ದೋ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ.

ಗೋಮಾಳ ಅಂದರೆ ಕಂದಾಯ ಇಲಾಖೆ, ಹಾಗಾಗಿ ತಹಶೀಲ್ದಾರರು. ಶಾಲೆ ಬಯಲಾದರೆ ಶಾಲೆಯವರು ಮತ್ತು ಬಿಇಒ. ಮುಜರಾಯಿ ದೇವಸ್ಥಾನದ ಜಾಗವಾದರೆ ಅದರ ಆಡಳಿತದವರು. ಖಾಸಗಿ ಗದ್ದೆಯಾದರೆ ಮಾಲೀಕರ ಒಪ್ಪಿಗೆ ಪತ್ರ ಸಾಕು. ಅದಕ್ಕೇ ಎಷ್ಟೋ ಊರುಗಳಲ್ಲಿ ಭತ್ತ ಕೊಯ್ದ ಮೇಲೆ ಗದ್ದೆಯಲ್ಲೇ ಆಟ ಆಡಿಸುವುದು. ಅರಣ್ಯದ ಗಡಿ ಎಲ್ಲಾದರೂ ತಾಗುತ್ತಿದ್ದರೆ ಮಾತ್ರ ಮೊದಲು ಅದನ್ನು ಬಗೆಹರಿಸಿಕೋ, ಉಳಿದದ್ದೆಲ್ಲ ಆಮೇಲೆ.

ಜಾಗದ ಕಾಗದ ಕೈಗೆ ಬಂದ ಮೇಲೆ ಪಂಚಾಯ್ತಿಗೆ ಹೋಗು. ನೀರು, ಕಸ, ಅಂಗಡಿ ಸಾಲು, ಬೀದಿ ದೀಪ ಇಷ್ಟು ಅವರದ್ದು. ಆಮೇಲೆ ಠಾಣೆ. ಒಂದು ಗುಟ್ಟು: ಮೂರೂ ಕಡೆ ಒಂದೇ ದಿನ ಅರ್ಜಿ ಕೊಡು, ಎಲ್ಲದರಲ್ಲೂ ‘ಪ್ರತಿಯನ್ನು ಇಂಥ ಇಂಥ ಕಚೇರಿಗೂ ಕೊಟ್ಟಿದೆ’ ಅಂತ ಕೆಳಗೆ ಬರಿ. ನಿನ್ನ ಪ್ರತಿಯ ಮೇಲೆ ಸೀಲು, ತಾರೀಕು, ಟಪಾಲು ನಂಬರ್ ಹಾಕಿಸಿಕೋ. ಸೀಲು ಬಿದ್ದ ಮೇಲೆ ಕಡತ ತಾನೇ ನಡೆಯಲು ಕಲಿಯುತ್ತದೆ.


ಬಡಗುತಿಟ್ಟು | ಡಿಸೆಂಬರ್ 6, ರಾತ್ರಿ

ಹರಕೆ ಆಟಕ್ಕೂ ಅರ್ಜಿ! ನಮ್ಮಜ್ಜನ ಕಾಲದಲ್ಲಿ ಮೇಳದವರಿಗೆ ವೀಳ್ಯ ಕೊಟ್ಟರೆ ಮುಗೀತಿತ್ತು. ಬೆಳಗಿನ ಜಾವ ರಾಕ್ಷಸ ವೇಷ ಬರುವಾಗ ಮಕ್ಕಳು ಅಮ್ಮನ ಸೀರೆ ಒಳಗೆ ನುಗ್ಗುತ್ತಿದ್ದವು. ಈಗ ಹತ್ತು ಗಂಟೆಗೆ ಮಂಗಳ ಹಾಡಿ ಅಂದರೆ ಪ್ರಸಂಗ ಎಲ್ಲಿ ಮುಟ್ಟುತ್ತದೆ ಮಾರಾಯ್ರೆ? ಮದುವೆ ಆಗಲ್ಲ, ಯುದ್ಧ ಆಗಲ್ಲ, ಬರೀ ವೇಷಗಳ ಪ್ರವೇಶದ ಒಡ್ಡೋಲಗ ಮಾಡಿ ಮನೆಗೆ.


ನಿವೃತ್ತ ಖಾಕಿ | ಡಿಸೆಂಬರ್ 7

ನಾನು ಇಲಾಖೆಯಲ್ಲಿದ್ದವನು. ಬೈಯುವವರು ಬೈಯಿರಿ, ವಿಷಯ ಮಾತ್ರ ಹೇಳುತ್ತೇನೆ.

ಧ್ವನಿವರ್ಧಕದ ನಿಯಮ 2000ದ್ದು, ಇಡೀ ದೇಶಕ್ಕೆ ಒಂದೇ. ಬರವಣಿಗೆಯಲ್ಲಿ ಅನುಮತಿ ಇಲ್ಲದೆ ಮೈಕ್ ಹಚ್ಚುವಂತಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಮೈಕ್ ಇಲ್ಲ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು, ಆದರೆ ಅದು ರಾಜ್ಯ ಸರ್ಕಾರ ಕೊಡುವಂಥದ್ದು. ಠಾಣೆಯಲ್ಲಿ ಕೂತವರನ್ನು ಎಷ್ಟು ಕೇಳಿದರೂ ಅದು ಅವರ ಕೈಲಿಲ್ಲ. 2005ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. 2022ರ ಮೇ ತಿಂಗಳಿಂದ ನಮ್ಮ ರಾಜ್ಯದಲ್ಲಿ ಇದಕ್ಕೆ ಸಮಿತಿ ಅಂತ ಮಾಡಿದ್ದಾರೆ. ತಾಲ್ಲೂಕುಗಳಲ್ಲಿ ಡಿವೈಎಸ್ಪಿ, ತಹಶೀಲ್ದಾರ್, ಮಾಲಿನ್ಯ ನಿಯಂತ್ರಣ ಮಂಡಳಿಯ ಒಬ್ಬರು.

ಬಡಗುತಿಟ್ಟಿನವರಿಗೆ ಒಂದು ಮಾತು. ‘ಮೈಕ್ ಬೇಡ ಬಿಡಿ, ಬರೀ ಚಂಡೆಯಲ್ಲೇ ಆಡಿಸ್ತೇವೆ’ ಅಂತ ಬಹಳ ಜನ ಹೇಳುತ್ತಾರೆ. 2010ರಲ್ಲಿ ಅದೇ ನಿಯಮಕ್ಕೆ ತಿದ್ದುಪಡಿ ಬಂದು ವಾದ್ಯಗಳೂ ಸೇರಿವೆ. ಅಂದರೆ ಕಾಗದದ ಪ್ರಕಾರ ಚಂಡೆಯೂ ರಾತ್ರಿ ಹತ್ತಕ್ಕೆ ಮಲಗಬೇಕು. ಕಟೀಲು ಮೇಳದವರೇ 2022ರಲ್ಲಿ ಕಾಲಮಿತಿ ಆಟಕ್ಕೆ ಹೋದದ್ದು ನಿಮಗೂ ಗೊತ್ತಿದೆ.

ಈಗ ಆ 500ರ ವಿಷಯ. ಈ ಸುಳ್ಳು ಎಲ್ಲರಿಗೂ ಗೊತ್ತಿರುವ ಸುಳ್ಳು. ಸಂಘದವರು ಕಡಿಮೆ ಬರೆಯುತ್ತಾರೆ, ಜಾಸ್ತಿ ಬರೆದರೆ ಅನುಮತಿ ಸಿಗಲ್ಲ ಅಂತ ಹೆದರಿಕೆ. ನಾವೂ ಸುಮ್ಮನಿರುತ್ತಿದ್ದೆವು, ಕಡಿಮೆ ಇದ್ದರೆ ಕಡಿಮೆ ಸಿಬ್ಬಂದಿ ಹಾಕಿದರೆ ಸಾಕು ಅಂತ. ತೊಂದರೆ ಆಗುವವರೆಗೆ ಇಬ್ಬರಿಗೂ ಚೆಂದ. 500 ಅಂತ ಇದ್ದರೆ ಒಬ್ಬ ಎಎಸ್ಐ, ಇಬ್ಬರು ಹೋಮ್‌ಗಾರ್ಡ್. ಆಂಬುಲೆನ್ಸ್ ಕೇಳಲು ಆಧಾರವೇ ಇರುವುದಿಲ್ಲ. ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ಮೊದಲು ತೆಗೆಯುವ ಕಾಗದ ನಿಮ್ಮ ಅರ್ಜಿ, ಅದರ ಕೆಳಗೆ ನಿಮ್ಮ ಸಹಿ, ಜೊತೆಗೆ ನೀವು ಬರೆದುಕೊಟ್ಟ ಮುಚ್ಚಳಿಕೆ.


ದೊಡ್ಡಗದ್ದೆ ಹುಡುಗ | ಡಿಸೆಂಬರ್ 7

ಸಾರ್, ಆದರೆ 3,000 ಅಂತ ಬರೆದರೆ ‘ಬೇಡ’ ಅಂದುಬಿಟ್ಟರೆ? ಮೇಳಕ್ಕೆ ಮುಂಗಡ ಕೊಟ್ಟಾಗಿದೆ. ಹರಕೆ ಮನೆಯವರು ಆರು ವರ್ಷ ಕಾದಿದ್ದಾರೆ.


ನಿವೃತ್ತ ಖಾಕಿ | ಡಿಸೆಂಬರ್ 7

ಬೇಡ ಅನ್ನುವುದು ಸಂಖ್ಯೆ ನೋಡಿ ಅಲ್ಲ ತಮ್ಮಾ, ಸಂಖ್ಯೆಗೆ ತಕ್ಕ ತಯಾರಿ ಇಲ್ಲದಿದ್ದರೆ. 3,000 ಬರೆದು ಜೊತೆಗೆ ಒಂದು ನಕ್ಷೆ ಅಂಟಿಸು. ಕೈಯಲ್ಲೇ ಬರೆದದ್ದಾದರೂ ಸಾಕು. ರಂಗಸ್ಥಳ ಎಲ್ಲಿ, ಊಟದ ಚಪ್ಪರ ಎಲ್ಲಿ, ಒಳಗೆ ಬರುವ ದಾರಿ, ಹೊರಗೆ ಹೋಗುವ ದಾರಿ, ವಾಹನ ನಿಲ್ಲಿಸುವ ಜಾಗ, ಆಂಬುಲೆನ್ಸ್ ದಾರಿ. ಸ್ವಯಂಸೇವಕರ ಹೆಸರು, ಫೋನ್ ನಂಬರ್. ನನ್ನ ಸೇವೆಯಲ್ಲಿ ಹೀಗೆ ನಕ್ಷೆ ತಂದವರನ್ನು ಬೆರಳಲ್ಲಿ ಎಣಿಸಬಹುದು. ತಂದವರನ್ನು ವಾಪಸ್ ಕಳಿಸಿದ ನೆನಪಿಲ್ಲ.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದರು. ಅದಾದ ಮೇಲೆ ಎಲ್ಲ ಕಡೆ ಬಿಗಿಯಾಗಿದೆ. ಆಗಸ್ಟ್‌ನಲ್ಲಿ ಜನಸಂದಣಿ ನಿಯಂತ್ರಣದ ಮಸೂದೆಯೂ ಸದನಕ್ಕೆ ಬಂತು, ಸದನ ಸಮಿತಿಗೆ ಹೋಯಿತು. ಆ ಕರಡಿನಲ್ಲಿ ಎಲ್ಲವೂ ನಿಂತಿರುವುದು ಈ ಸಂಖ್ಯೆಯ ಮೇಲೆಯೇ. 7,000ದೊಳಗೆ ಆದರೆ ಠಾಣೆ ಮಟ್ಟ, 50,000ದವರೆಗೆ ಡಿವೈಎಸ್ಪಿ, ಅದರ ಮೇಲೆ ಎಸ್ಪಿ ಅಥವಾ ಕಮಿಷನರ್. ನಿಮ್ಮ ಊರಿನ ಆಟ ಹೇಗೂ ಮೊದಲ ಮೆಟ್ಟಿಲಿನಲ್ಲೇ ಇದೆ. ಹೆದರಿ 500 ಬರೆಯುವುದರಲ್ಲಿ ಏನೂ ಲಾಭ ಇಲ್ಲ.


ಪೇಟೆಬೀದಿ ಅಕ್ಕ | ಡಿಸೆಂಬರ್ 7, ರಾತ್ರಿ

ನಾನು ಶಿವಮೊಗ್ಗ ಪೇಟೆಯವಳು. ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಂದು ಬಯಲಿದೆ. ಗಣಪತಿ ಹಬ್ಬದಿಂದ ಶುರುವಾದರೆ ಸಂಕ್ರಾಂತಿ ದಾಟುವವರೆಗೆ ವಾರಕ್ಕೊಂದು ರಸಮಂಜರಿ. ಕಳೆದ ವರ್ಷ ಅತ್ತೆಗೆ ಆಪರೇಷನ್ ಆಗಿ ಮನೆಗೆ ಬಂದ ರಾತ್ರಿ, ಬಾಸ್ ಬಡಿದಾಗೆಲ್ಲ ಮೇಜಿನ ಮೇಲೆ ಮಾತ್ರೆ ಡಬ್ಬಿ ನಡೆಯುತ್ತಿತ್ತು. ಡಬ್ಬಿ ನಡೆದು ನಡೆದು ಅಂಚಿಗೆ ಬಂತು. ನಾನು ಎತ್ತಿ ಮಧ್ಯಕ್ಕೆ ಇಡುತ್ತಿದ್ದೆ. ಹನ್ನೊಂದೂವರೆವರೆಗೆ ಅದೇ ಕೆಲಸ.

112ಕ್ಕೆ ಫೋನ್ ಮಾಡಿದೆ. ಬಂದರು, ಸೌಂಡ್ ಕಡಿಮೆ ಆಯಿತು, ಅವರು ಹೋದರು, ಮತ್ತೆ ಜಾಸ್ತಿ ಆಯಿತು. ಮಾರನೇ ದಿನ ಸಂಘದ ಹುಡುಗರು ಸಿಕ್ಕಿ ‘ಅಕ್ಕಾ, ಒಂದು ಮಾತು ನಮಗೇ ಹೇಳಬಹುದಿತ್ತಲ್ಲ’ ಅಂದರು. ಯಾರಿಗೆ ಹೇಳಲಿ? ಕರಪತ್ರದಲ್ಲಿ ಮಂತ್ರಿಗಳ ಫೋಟೋ ಇತ್ತು, ಸಂಘದವರ ಫೋನ್ ನಂಬರ್ ಇರಲಿಲ್ಲ.

ಬಯಲಾಟ ಬೇಡ ಅನ್ನುತ್ತಿಲ್ಲ. ನಾನೂ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ತೆಪ್ಪೋತ್ಸವ ನೋಡಿಯೇ ಬೆಳೆದವಳು. ಸುತ್ತಲಿನ ಮನೆಗಳಿಗೆ ಮೊದಲೇ ಒಂದು ಚೀಟಿ ಕೊಡಿ, ರಾತ್ರಿ ಫೋನ್ ಎತ್ತುವ ಒಬ್ಬರ ನಂಬರ್ ಕೊಡಿ. ಆ ಕಾಲಂನಲ್ಲಿ ನಾವೂ ಲೆಕ್ಕಕ್ಕೆ ಬರಬೇಕು ಅಲ್ವಾ? ಬರದೆ ಮನೆಯಲ್ಲಿ ಮಲಗಿದ್ದವರು?


ಬಡಗುತಿಟ್ಟು | ಡಿಸೆಂಬರ್ 8

ಅಕ್ಕಾ, ರಸಮಂಜರಿಗೂ ಯಕ್ಷಗಾನಕ್ಕೂ ಒಂದೇ ತಕ್ಕಡಿ ಹಿಡಿಯಬೇಡಿ. ಅಷ್ಟೇ ಹೇಳುವುದು. ಮಾತ್ರೆ ಡಬ್ಬಿಯ ಮಾತಿಗೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ.


ಮೈಕ್‌ಸೆಟ್ ಅಣ್ಣ | ಡಿಸೆಂಬರ್ 8

ಇಪ್ಪತ್ತು ವರ್ಷದಿಂದ ಮೈಕ್‌ಸೆಟ್ ಹಾಕುತ್ತಿದ್ದೇನೆ, ಜಾತ್ರೆ, ಮದುವೆ, ಆಟ, ಕ್ರಿಕೆಟ್, ಸಾವಿನ ಮನೆ ಎಲ್ಲ. ತಪ್ಪು ಯಾರದ್ದು ಅಂತ ನನಗೆ ಗೊತ್ತು, ನಮ್ಮದೇ.

ಮಲೆನಾಡಲ್ಲಿ ಹಳೇ ಅಭ್ಯಾಸ ಅಂದರೆ ಕೊಳವೆ ಸ್ಪೀಕರ್ ತಗೊಂಡು ಹಲಸಿನ ಮರದ ತುದಿಗೆ ಕಟ್ಟಿ, ಆಚೆ ಊರಿಗೆ ಮುಖ ಮಾಡುವುದು. ಆಟ ಇದೆ ಬನ್ನಿ ಅಂತ ಕರೆಯಲು ಅದು ಸರಿ. ಆಟ ಶುರುವಾದ ಮೇಲೆ ಕೇಳಬೇಕಾದವನು ಮರದ ಕೆಳಗೆ ಕೂತಿರುತ್ತಾನೆ, ಶಬ್ದ ಅವನ ತಲೆ ಮೇಲೆ ಹಾರಿ ಎರಡು ಗುಡ್ಡ ದಾಟುತ್ತದೆ. ಅವನಿಗೆ ಕೇಳಿಸಲ್ಲ ಅಂತ ನಾವು ಇನ್ನೂ ತಿರುಗಿಸುತ್ತೇವೆ.

ಲೆಕ್ಕ ಸರಳ. ಬಯಲಲ್ಲಿ ದೂರ ಎರಡು ಪಟ್ಟಾದರೆ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಹತ್ತು ಪಟ್ಟಾದರೆ 20. ಸ್ಪೀಕರಿನಿಂದ 1 ಮೀಟರ್ ದೂರದಲ್ಲಿ 100 ಇದ್ದರೆ 10 ಮೀಟರಿಗೆ 80, 100 ಮೀಟರಿಗೆ 60. ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಅಂತ ಮಿತಿ. ಆಸ್ಪತ್ರೆ, ಶಾಲೆ, ಕೋರ್ಟ್ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಅಲ್ಲಿ ಹಗಲು 50, ರಾತ್ರಿ 40. ಹಾಗಾಗಿ ದೊಡ್ಡ ಎರಡು ಸ್ಪೀಕರ್ ಬದಲು ಸಣ್ಣ ಎಂಟು ಹಾಕಿ. ತಲೆ ಎತ್ತರದಿಂದ ಸ್ವಲ್ಪ ಮೇಲೆ, ಮುಖ ನೆಲದ ಕಡೆ ಬಾಗಿಸಿ, ಜನರ ಮಧ್ಯೆ ಹಂಚಿ. ಕೂತವರಿಗೆ ಚೆನ್ನಾಗಿ ಕೇಳುತ್ತದೆ, ಗುಡ್ಡಕ್ಕೆ ಕೇಳಲ್ಲ.

ರಾತ್ರಿ ಶಬ್ದ ಯಾಕೆ ಅಷ್ಟು ದೂರ ಹೋಗುತ್ತದೆ ಗೊತ್ತಾ? ಚಳಿಗಾಲದಲ್ಲಿ ತಣ್ಣನೆ ಗಾಳಿ ಗದ್ದೆ ಬಯಲಿಗೆ ಇಳಿದು ಕೂರುತ್ತದೆ, ಅದರ ಮೇಲೆ ಬೆಚ್ಚಗಿನ ಗಾಳಿ. ಮೇಲೆ ಹೋದ ಶಬ್ದ ಬಾಗಿ ಮತ್ತೆ ಕೆಳಗೇ ಬರುತ್ತದೆ. ಹಗಲಲ್ಲಿ ಪರೀಕ್ಷೆ ಮಾಡಿ ‘ಆಚೆ ಊರಿಗೆ ಕೇಳಿಸಲ್ಲ ಬಿಡಿ’ ಅಂದದ್ದು ರಾತ್ರಿ ಒಂಬತ್ತಕ್ಕೆ ಸುಳ್ಳಾಗುವುದು ಹಾಗೆ.

ಕರೆಂಟಿನ ಮಾತು. ಕಂಬಕ್ಕೆ ಕೊಕ್ಕೆ ಹಾಕಬೇಡಿ ಮಾರಾಯ್ರೆ. ಮೆಸ್ಕಾಂಗೆ ಅರ್ಜಿ ಕೊಟ್ಟು ತಾತ್ಕಾಲಿಕ ಸಂಪರ್ಕ ತಗೊಳ್ಳಿ, ಲೈಸೆನ್ಸ್ ಇರುವ ಕಂಟ್ರಾಕ್ಟರ್ ಸಹಿ ಬೇಕಾಗುತ್ತದೆ. ಜನವರಿಯಲ್ಲಿ ಇಬ್ಬನಿ ಹೇಗೆ ಬೀಳುತ್ತದೆ ನಿಮಗೇ ಗೊತ್ತು. ರಾತ್ರಿ ಎಂಟಕ್ಕೇ ಜಂಕ್ಷನ್ ಬಾಕ್ಸ್ ಮೇಲೆ ನೀರು ಹನಿಗಟ್ಟಿರುತ್ತದೆ. ಸೋರಿಕೆ ಆದ ತಕ್ಷಣ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಬ್ರೇಕರ್ ಹಾಕಿಸಿ. ಜನರೇಟರ್ ಇಟ್ಟರೆ ಅದಕ್ಕೂ ಅರ್ಥಿಂಗ್ ಬೇಕು. ಕಬಡ್ಡಿ ಅಂಕಣದ ಲೈಟಿನ ಕಂಬ ಕಬ್ಬಿಣದ್ದಾದರೆ ಹುಡುಗರು ಬೆವರಿದ ಮೈಯಲ್ಲಿ ಅದಕ್ಕೇ ಒರಗುತ್ತಾರೆ, ನಾನು ನೋಡಿದ್ದೇನೆ.


ಸಾಗರದವ | ಡಿಸೆಂಬರ್ 8

ನಮ್ಮ ಮಾರಿಜಾತ್ರೆ ಮೂರು ವರ್ಷಕ್ಕೊಮ್ಮೆ, ಒಂಬತ್ತು ದಿನ. ತಿಂಗಳುಗಟ್ಟಲೆ ಮೊದಲೇ ಸಭೆ ಶುರುವಾಗುತ್ತದೆ. ಒಂದೇ ಕೋಣೆಯಲ್ಲಿ ಎಲ್ಲ ಇಲಾಖೆಯವರನ್ನೂ ಕೂರಿಸುತ್ತಾರೆ, ಹಾಗಾಗಿ ‘ಮೊದಲು ಅವರದ್ದು ತನ್ನಿ’ ಅನ್ನಲು ಆಗಲ್ಲ, ‘ಅವರು’ ಪಕ್ಕದ ಕುರ್ಚಿಯಲ್ಲೇ ಇರುತ್ತಾರೆ. ದೊಡ್ಡ ಜಾತ್ರೆಗೆ ಇರುವ ಸುಖ ಸಣ್ಣ ಊರಿನ ಆಟಕ್ಕೆ ಇಲ್ಲ ನೋಡಿ. ಗಣಪತಿ ಹಬ್ಬಕ್ಕೆ ಏಕಗವಾಕ್ಷಿ ಅಂತ ಮಾಡುತ್ತಾರಲ್ಲ, ಅದನ್ನು ವರ್ಷವಿಡೀ ತಾಲ್ಲೂಕಿಗೆ ಒಂದು ಮೇಜು ಅಂತ ಇಟ್ಟರೆ ಏನು ನಷ್ಟ?

ತೊಟ್ಟಿಲು, ಮರಣಬಾವಿ ಏನಾದರೂ ತರಿಸುತ್ತಿದ್ದೀರಾ? ತರಿಸುವುದಾದರೆ ಅದಕ್ಕೆ ಬೇರೆ ಇಂಜಿನಿಯರ್ ಪ್ರಮಾಣಪತ್ರ.


ದೊಡ್ಡಗದ್ದೆ ಹುಡುಗ | ಡಿಸೆಂಬರ್ 8

ಇಲ್ಲಣ್ಣ. ಗಿರಗಿಟ್ಲೆ ಮಾರುವವರು ಮಾತ್ರ.


ಕಾನಂಚಿನವಳು | ಡಿಸೆಂಬರ್ 9

ಯಾರೂ ಈ ಮಾತು ತೆಗೆಯಲಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ನಾನು ಆರೋಗ್ಯ ಇಲಾಖೆಯಲ್ಲಿ ಕೆಳಗಿನ ಮಟ್ಟದ ಕೆಲಸದವಳು.

ಜನವರಿ ಕೊನೆ ಅಂದರೆ ಮಂಗನ ಕಾಯಿಲೆಯ ಕಾಲ. ಈ ಕಾಯಿಲೆ ಮೊದಲು ಕಂಡದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬದ ಕ್ಯಾಸನೂರು ಕಾಡಿನ ಹತ್ತಿರ. 2019ರ ಚಳಿಗಾಲದಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಈ ಕಾಯಿಲೆಗೆ ಜನ ಸತ್ತದ್ದು ನೆನಪಿರುವವರಿಗೆ ಜಾಸ್ತಿ ಹೇಳಬೇಕಿಲ್ಲ. ಹರಡುವುದು ಉಣುಗಿನಿಂದ, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಸಣ್ಣ ಹುಳದಿಂದ. ಉಣುಗು ಇರುವುದು ಒಣ ತರಗೆಲೆಯಲ್ಲಿ.

ಈಗ ಬಯಲಾಟದ ಜನ ಎಲ್ಲಿ ಕೂರುತ್ತಾರೆ ಯೋಚಿಸಿ. ಮುಂದೆ ಚಾಪೆ, ಕುರ್ಚಿ. ಹಿಂದೆ ಬಂದವರು ಬಯಲಿನ ಅಂಚಿಗೆ ಹೋಗಿ ಕಾನಿನ ಬುಡದಲ್ಲಿ ತರಗೆಲೆ ಮೇಲೇ ಕಂಬಳಿ ಹಾಸುತ್ತಾರೆ, ಬೆಚ್ಚಗಿರುತ್ತದೆ ಅಂತ. ಬೈಕ್ ನಿಲ್ಲಿಸುವುದೂ ಅಲ್ಲೇ, ಇನ್ನೊಂದಕ್ಕೆ ಹೋಗುವುದೂ ಅಲ್ಲೇ. 500 ಜನ ಆದರೆ ಬಯಲೇ ಸಾಕು. 3,000 ಆದರೆ ಉಳಿದವರು ಕಾಡಿನ ಅಂಚಿಗೆ ತಳ್ಳಿಕೊಳ್ಳುತ್ತಾರೆ. ಹಾಗಾಗಿ ಆ ಸಂಖ್ಯೆ ನಮಗೂ ಬೇಕು.

ಎರಡು ವಾರ ಮೊದಲೇ ಅಂಚಿನ ತರಗೆಲೆ ಗುಡಿಸಿ ತೆಗೆಸಿ. ಹಗ್ಗ ಕಟ್ಟಿ. ಸುತ್ತ ಎಲ್ಲಾದರೂ ಮಂಗ ಸತ್ತಿದೆಯಾ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ, ಸತ್ತಿದ್ದರೆ ಜಾಗವನ್ನೇ ಬದಲಾಯಿಸಿ. ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಎಣ್ಣೆ ಆರೋಗ್ಯ ಕೇಂದ್ರದಲ್ಲಿ ಕೇಳಿ ನೋಡಿ. ಮೈಕಿನಲ್ಲಿ ದಾನಿಗಳ ಹೆಸರು ಓದುವ ಮಧ್ಯೆ ಒಂದು ಸಲ ಇದನ್ನೂ ಹೇಳಿ, ನಿಮ್ಮ ಪುಣ್ಯ.


ಪಂಚಾಯ್ತಿ ಕಟ್ಟೆ | ಡಿಸೆಂಬರ್ 9

ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ ಅಕ್ಕಾ. ಶೌಚಾಲಯ ಅಂದರೆ ‘ಕಾಡಿದೆಯಲ್ಲ’ ಅಂತ ನಾವೇ ಸಭೆಯಲ್ಲಿ ನಗುತ್ತಿದ್ದೆವು.


ಹಾಳೆತಟ್ಟೆ | ಡಿಸೆಂಬರ್ 10

ಎಲ್ಲರೂ ಸಂಖ್ಯೆ ಬರಿ ಅಂದಿರಿ, ಎಣಿಸುವುದು ಹೇಗೆ ಅಂತ ಯಾರೂ ಹೇಳಲಿಲ್ಲ. ಟಿಕೆಟ್ ಇಲ್ಲದ ಆಟಕ್ಕೆ ಲೆಕ್ಕ ಎಲ್ಲಿಂದ?

ನನ್ನದು ಅಡಿಕೆ ಹಾಳೆಯ ತಟ್ಟೆ ಒತ್ತುವ ಸಣ್ಣ ಘಟಕ. ಯಾವ ಊರಿನ ಕಾರ್ಯಕ್ರಮಕ್ಕೆ ಎಷ್ಟು ಜನ ಬಂದರು ಅಂತ ಪೇಪರಿನವರಿಗಿಂತ ನನಗೆ ಚೆನ್ನಾಗಿ ಗೊತ್ತು. ತಗೊಂಡು ಹೋದ ಕಟ್ಟಿನಲ್ಲಿ ವಾಪಸ್ ಬಂದ ಕಟ್ಟು ಕಳೆದರೆ ಆಯಿತು. ಊಟಕ್ಕೆ ಕೂತವರ ಲೆಕ್ಕ ಸಿಕ್ಕಿತು. ಇನ್ನು ಊಟ ಮಾಡದೆ ಹೋಗುವವರು ಎಷ್ಟು ಅಂತ ಒಂದು ಅಂದಾಜು ಬೇಕು. ನಮ್ಮ ಕಡೆ ನಾಲ್ಕರಲ್ಲಿ ಒಬ್ಬರು ಊಟಕ್ಕೆ ನಿಲ್ಲಲ್ಲ ಅಂತ ನನ್ನ ಲೆಕ್ಕ. ನಿಮ್ಮಲ್ಲಿ ಬೇರೆ ಇರಬಹುದು. ಹಳೇ ಕಾರ್ಯದರ್ಶಿಯವರ ಹತ್ತಿರ ಹೋದ ವರ್ಷದ ತಟ್ಟೆ ಬಿಲ್ ಇದೆಯಾ ಕೇಳಿ. ಜನರೇನೋ ಸುಳ್ಳು ಹೇಳಬಹುದು, ಬಿಲ್ ಹೇಳಲ್ಲ.


ನಿವೃತ್ತ ಖಾಕಿ | ಡಿಸೆಂಬರ್ 10

ಭೇಷ್. ಇದಕ್ಕೆ ಒಂದೇ ಸೇರಿಸುತ್ತೇನೆ. ಒಟ್ಟು ಬಂದವರು ಬೇರೆ, ಒಂದೇ ಹೊತ್ತಿಗೆ ಇದ್ದವರು ಬೇರೆ. ಅಪಾಯ ಎರಡನೆಯದರಲ್ಲಿ. ರಂಗಸ್ಥಳದ ಮೇಲೆ ನಿಂತು ಜನ ಜಾಸ್ತಿ ಇರುವ ಹೊತ್ತಲ್ಲಿ ಒಂದು ಫೋಟೋ ತೆಗೆಯಿರಿ, ಚೌಕ ಹಾಕಿ ಎಣಿಸಿ. ನಿಂತ ಜನ ಚದರ ಮೀಟರಿಗೆ 4ರ ಒಳಗಿದ್ದರೆ ಅಲುಗಾಡಬಹುದು. 5 ದಾಟಿತೋ, ಕಷ್ಟ ಶುರು. 6, 7 ಆದಾಗ ಮನುಷ್ಯ ತಾನಾಗಿ ನಡೆಯುವುದಿಲ್ಲ, ಗುಂಪು ನೀರಿನ ಹಾಗೆ ಎತ್ತಿಕೊಂಡು ಹೋಗುತ್ತದೆ. ಆಟ ನೋಡುವಲ್ಲಿ ಜನ ಕೂತಿರುತ್ತಾರೆ, ಅಲ್ಲಿ ಭಯ ಇಲ್ಲ. ಊಟದ ಚಪ್ಪರದ ಬಾಗಿಲಲ್ಲಿ ನೋಡಿಕೊಳ್ಳಿ.


ದೊಡ್ಡಗದ್ದೆ ಹುಡುಗ | ಡಿಸೆಂಬರ್ 19

ಸುದ್ದಿ ಏನಂದರೆ ಪಹಣಿ ತೆಗೆಸಿದೆ. ನಮ್ಮ ‘ಗೋಮಾಳ’ದಲ್ಲಿ ಅರ್ಧ ಮಾತ್ರ ಗೋಮಾಳ. ರಂಗಸ್ಥಳ ಹಾಕುವ ಮೂಲೆ ಶಾಲೆಯ ಹೆಸರಲ್ಲಿದೆ! ಮೂವತ್ತು ವರ್ಷದಿಂದ ಯಾರಿಗೂ ಗೊತ್ತಿರಲಿಲ್ಲ. ಮುಖ್ಯಶಿಕ್ಷಕಿ ಮೇಡಂ ನಕ್ಕು, ‘ಸೋಮವಾರ ಬೆಳಿಗ್ಗೆ ಒಂದೂ ಕಡ್ಡಿ ಇರಬಾರದು’ ಅಂತ ಒಂದೇ ಷರತ್ತು ಹಾಕಿದರು, ಮೇಲಿನವರಿಗೂ ಅವರೇ ಕಳಿಸಿಕೊಟ್ಟರು.

ಮೈಕಿನ ಅರ್ಜಿ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಹಾಕಿದೆ, ಗಡುವಿನೊಳಗೆ ಕೆಲಸ ಮಾಡಿಕೊಡಬೇಕು ಅನ್ನುವ ಸಕಾಲದ ಸ್ವೀಕೃತಿ ಸಂಖ್ಯೆ ಬಂತು. ಆ ಸಂಖ್ಯೆ ಹೇಳಿದ ಮೇಲೆ ಮಾತಾಡುವ ಧಾಟಿಯೇ ಬದಲಾಯಿತು ನೋಡಿ.

ಹಳೇ ಕಾರ್ಯದರ್ಶಿಗಳು ಬಿಲ್ ಕೊಡಲು ಸ್ವಲ್ಪ ಹಿಂದೆ ಮುಂದೆ ನೋಡಿದರು. ಬಿಲ್ಲಿನಲ್ಲಿ 96 ಕಟ್ಟು ಇತ್ತು, 25ರ ಕಟ್ಟು. 500 ಜನಕ್ಕೆ 2,400 ತಟ್ಟೆ. ಈ ಸಲ 3,000 ಅಂತ ಬರೆದು ನಕ್ಷೆ ಅಂಟಿಸಿ ಕೊಟ್ಟೆ. ಠಾಣೆಯವರು ನಕ್ಷೆಯನ್ನು ಉದ್ದ ಹಿಡಿದರು, ಅಡ್ಡ ಹಿಡಿದರು. ಆಮೇಲೆ ಪೆನ್ ತಗೊಂಡು ಊಟದ ಚಪ್ಪರಕ್ಕೆ ಇನ್ನೊಂದು ಬಾಗಿಲು ಬರೆದು, ‘ಇದು ಮಾಡಿಸಿ’ ಅಂದರು. ಅಷ್ಟೇ.

ಆಟದ ವಿಷಯ ಮಾತ್ರ ಮನಸ್ಸಿಗೆ ಕಷ್ಟ ಆಯಿತು. ಸಂಜೆ ಐದೂವರೆಗೆ ಶುರು, ಹತ್ತಕ್ಕೆ ಮಂಗಳ. ಹರಕೆ ಮನೆಯ ಅಜ್ಜಿ ‘ಬೆಳಗಾಗದ ಆಟ ದೇವಿಗೆ ಮುಟ್ಟುತ್ತಾ?’ ಅಂತ ಕೇಳಿದರು. ಮೇಳದ ಹಿರಿಯರೇ ಬಂದು ಅವರ ಪಕ್ಕ ಕೂತು ಮಾತಾಡಿ ಒಪ್ಪಿಸಿದರು. ಏನು ಹೇಳಿದರೋ ಕೇಳಿಸಲಿಲ್ಲ.


ಬಡಗುತಿಟ್ಟು | ಡಿಸೆಂಬರ್ 19

ಅಜ್ಜಿ ಕೇಳಿದ್ದು ಸರಿ ಇದೆ. ನಾನು ಬರುತ್ತೇನೆ, ಐದು ಗಂಟೆಗೇ ಬಂದು ಮುಂದೆ ಕೂರುತ್ತೇನೆ. ಸಿಟ್ಟಂತೂ ಹೋಗಿಲ್ಲ.


ದೊಡ್ಡಗದ್ದೆ ಹುಡುಗ | ಜನವರಿ ಕೊನೆ, ಮುಗಿದ ಮೇಲೆ

ಕೇಳಿದವರಿಗೆಲ್ಲ ಒಂದೇ ಸಲ ಬರೆಯುತ್ತೇನೆ, ನಿದ್ದೆ ಇಲ್ಲದೆ ತಲೆ ಗುಂಯ್ ಅನ್ನುತ್ತಿದೆ.

ಕಬಡ್ಡಿ ಮಧ್ಯಾಹ್ನವೇ ಶುರು ಮಾಡಿದೆವು, ಫೈನಲ್ ಒಂಬತ್ತೂ ಮುಕ್ಕಾಲಿಗೆ ಮುಗಿಯಿತು. ಕಾಮೆಂಟರಿಯವರಿಂದ ಹತ್ತಕ್ಕೆ ಸರಿಯಾಗಿ ಮೈಕ್ ಕಿತ್ತುಕೊಳ್ಳಬೇಕಾಯಿತು, ಪುಣ್ಯಾತ್ಮ ಬಹುಮಾನ ವಿತರಣೆ ಆದ ಮೇಲೂ ವಂದನಾರ್ಪಣೆ ನಿಲ್ಲಿಸಲಿಲ್ಲ.

ಆಟದ ದಿನ ಮೈಕ್‌ಸೆಟ್ ಅಣ್ಣ ಹೇಳಿದ ಹಾಗೆ ಸಣ್ಣ ಸ್ಪೀಕರ್ ಎಂಟು ಹಂಚಿದೆವು. ಆಚೆ ಊರಿನವರು ಮಾರನೇ ದಿನ ಬಂದು ‘ಏನ್ರೋ, ಆಟ ಮುಂದಕ್ಕೆ ಹೋಯ್ತಾ?’ ಅಂತ ಕೇಳಿದರು! ಅವರಿಗೆ ಕೇಳಿಸದೆ ಅವರು ಬರಲೇ ಇಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗುತ್ತಿಲ್ಲ.

ತೊಂದರೆ ಆಗಿದ್ದು ಎರಡು. ನೀರಿನ ಟ್ಯಾಂಕರ್ ಎಂಟೂವರೆಗೇ ಖಾಲಿ, ಎರಡನೆಯದಕ್ಕೆ ಹೇಳಿಯೇ ಇರಲಿಲ್ಲ. ಆಮೇಲೆ ಊಟದ ಸಾಲಿನಲ್ಲಿ ಒಂದು ಐದು ವರ್ಷದ ಹುಡುಗಿ ಅಮ್ಮನ ಕೈ ತಪ್ಪಿಸಿಕೊಂಡಳು. ಇಪ್ಪತ್ತು ನಿಮಿಷ. ಭಾಗವತರು ಪದ್ಯ ನಿಲ್ಲಿಸಿ ಮೈಕಿನಲ್ಲಿ ಹೆಸರು ಕರೆದರು. ಚೌಕಿಯಲ್ಲಿ ಸಿಕ್ಕಿದಳು, ಬಣ್ಣ ಹಚ್ಚುವುದನ್ನು ನೋಡುತ್ತ ಕೂತಿದ್ದಳು, ಯಾರೋ ಅವಳ ಮೂಗಿಗೂ ಒಂದು ಬೊಟ್ಟು ಕೆಂಪು ಇಟ್ಟಿದ್ದರು. ಅಮ್ಮ ಬಂದು ಒಂದು ಹೊಡೆದು, ಆಮೇಲೆ ತಬ್ಬಿಕೊಂಡು ಅತ್ತರು. ಚಪ್ಪರಕ್ಕೆ ಎರಡನೇ ಬಾಗಿಲು ಇಲ್ಲದಿದ್ದರೆ ಆ ಸಾಲಿನಲ್ಲಿ ಏನಾಗುತ್ತಿತ್ತು ಅಂತ ನಾನು ಯೋಚಿಸಲು ಹೋಗಿಲ್ಲ.

ಲೆಕ್ಕ: ತಟ್ಟೆ ತಂದದ್ದು 110 ಕಟ್ಟು, ಅಂದರೆ 2,750. ಉಳಿದದ್ದು 22 ಕಟ್ಟು ಮತ್ತು ಬಿಡಿ 10. ಖರ್ಚಾದದ್ದು 2,190. ನಾಲ್ಕರಲ್ಲಿ ಮೂವರು ಉಂಡರು ಅಂತ ಹಿಡಿದರೆ ಬಂದವರು 2,920. ಫೋಟೋದಲ್ಲಿ ಚೌಕ ಹಾಕಿ ಎಣಿಸಿದ್ದು, ಎಂಟು ಗಂಟೆ ಹೊತ್ತಿಗೆ ಸುಮಾರು 1,700. ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು, ಪಹಣಿ ಪ್ರತಿ, ನಕ್ಷೆ ಸೇರಿಸಿ ಸಂಘದ ಕಪಾಟಿನಲ್ಲಿ ಇಟ್ಟಿದ್ದೇನೆ. ಮುಂದಿನ ಕಾರ್ಯದರ್ಶಿ ಯಾರಾದರೂ ಆಗಲಿ, ನಾನಂತೂ ಅಲ್ಲ.


ಪೇಟೆಬೀದಿ ಅಕ್ಕ | ಅದೇ ದಿನ

ಹುಡುಗಿ ಸಿಕ್ಕಿದಳಲ್ಲ, ಸಾಕು. ಸುತ್ತಲಿನ ಮನೆಗಳಿಗೆ ಚೀಟಿ ಕೊಟ್ಟಿರಾ?


ದೊಡ್ಡಗದ್ದೆ ಹುಡುಗ | ಅದೇ ದಿನ

ಕೊಟ್ಟೆ ಅಕ್ಕಾ, ಹದಿನಾಲ್ಕು ಮನೆಗೆ. ನನ್ನದೇ ನಂಬರ್ ಬರೆದಿದ್ದೆ. ರಾತ್ರಿ ಒಂದೇ ಫೋನ್ ಬಂತು. ಊಟ ಮುಗಿದಿದೆಯಾ ಅಂತ.


ಸಾಗರದವ | ಮಾರನೇ ದಿನ

ಆ 22 ಕಟ್ಟು ತಟ್ಟೆ ಕೊಡುವುದಾದರೆ ಹೇಳಿ ಮಾರಾಯ್ರೆ. ನಮ್ಮಲ್ಲಿ ಶಿವರಾತ್ರಿಗೆ ಬೇಕಿತ್ತು.